ಮಕ್ಕಳಿಗೆ ಚಿತ್ರಗಳನ್ನು ವಿಷಯದ ಪ್ರಕಾರ ವಿಂಗಡಿಸಲು ಕಲಿಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದ ಕಡೆ ಡ್ರಾಯಿಂಗ್ ಕಲಿಸುವವರು, ಮನೆಯಲ್ಲೇ ಮಕ್ಕಳನ್ನು ಕೂರಿಸಿಕೊಂಡು ಚಿತ್ರ ತೋರಿಸುವ ಪಾಲಕರು ಪದೇ ಪದೇ ಹೇಳುವ ಮಾತೊಂದಿದೆ: "ಎಲ್ಲಾ ಹೇಳಿಕೊಟ್ಟೇನ್ರೀ, ಬೋರ್ಡ್ ಮ್ಯಾಲೆ ಬರೆಸೇನಿ, ಬಾಯಿಪಾಠನೂ ಮಾಡ್ಯಾರ. ಹೊಸಾ ಚಿತ್ರ ಕೊಟ್ಟರ ಮಾತ್ರ ಸುಮ್ನ ನಿಂತುಬಿಡ್ತಾರ."

ತಪ್ಪು ಮಕ್ಕಳದ್ದಲ್ಲ. ಕಲಿಸುವ ಕ್ರಮವೇ ತಲೆಕೆಳಗಾಗಿದೆ. ಮೊದಲು ವ್ಯಕ್ತಿಚಿತ್ರ, ಭೂದೃಶ್ಯ, ವಸ್ತುಚಿತ್ರ ಅಂತ ಹೆಸರು ಬರೆಸುತ್ತೇವೆ. ಆಮೇಲೆ ಒಂದೊಂದಕ್ಕೆ ಒಂದೊಂದು ಉದಾಹರಣೆ ತೋರಿಸುತ್ತೇವೆ. ಮಗುವಿನ ತಲೆಯಲ್ಲಿ ವ್ಯಕ್ತಿಚಿತ್ರ ಅಂದರೆ ಆ ಒಂದೇ ಚಿತ್ರ ಎಂದಾಗಿಬಿಡುತ್ತದೆ. ಈ ಮಾರ್ಗದರ್ಶಿಯಲ್ಲಿ ಕ್ರಮ ಅದಕ್ಕೆ ಉಲ್ಟಾ ಇದೆ. ಮೊದಲು ನೋಡುವುದು, ಆಮೇಲೆ ಗುಂಪು ಮಾಡುವುದು, ವಾದ ಮಾಡುವುದು, ಹೆಸರು ಅದಾದ ಮೇಲೆ. ನಲವತ್ತು ನಿಮಿಷದ ಐದಾರು ಪೀರಿಯಡ್ ಬೇಕು. ಹಂತ ಹಾರಿಸಬೇಡಿ, ಅದರಲ್ಲೂ ಮೂರನೆಯದನ್ನು.

ಮೊದಲು ಸಾಮಾನು ಜೋಡಿಸಿಕೊಳ್ಳಿ

ಬೇಕಾದದ್ದು ಸುಮಾರು ಮೂವತ್ತು ಚಿತ್ರ, ರಟ್ಟು, ಕತ್ತರಿ, ಅಂಟು, ಸೀಮೆಸುಣ್ಣ, ಒಂದು ದೊಡ್ಡ ಲಕೋಟೆ. ಜೊತೆಗೆ ಪೋಸ್ಟ್‌ಕಾರ್ಡ್ ಅಳತೆಯ ನಾಲ್ಕೈದು ಖಾಲಿ ರಟ್ಟಿನ ತುಂಡು. ಇವು ಚಿತ್ರದ ಒಂದು ಭಾಗವನ್ನು ಮುಚ್ಚಲಿಕ್ಕೆ. ಬಣ್ಣದ್ದು ಬೇಡ, ಬೂದು ಇಲ್ಲವೇ ಕಂದು ಇರಲಿ.

ದೇವರ ಚಿತ್ರ, ಪುರಾಣದ ಚಿತ್ರ ಹಳೆ ಕ್ಯಾಲೆಂಡರಿನಲ್ಲಿ ಬೇಕಾದಷ್ಟು ಸಿಗುತ್ತವೆ. ಭೂದೃಶ್ಯವೂ ಸಿಗುತ್ತದೆ. ಸಿಗದೇ ಇರುವುದು ವಸ್ತುಚಿತ್ರ. ಕೊಡ, ಹಣ್ಣು, ಮಡಿಕೆ ಬಿದ್ದ ಬಟ್ಟೆ ಇಟ್ಟು ಬರೆದ ಚಿತ್ರವನ್ನು ಕ್ಯಾಲೆಂಡರಿನವರು ಯಾಕೆ ಹಾಕ್ತಾರೆ, ಅಲ್ವಾ? ಧಾರವಾಡದ ಹಾಲಭಾವಿ ಕಲಾಶಾಲೆಯಲ್ಲೋ ಗದಗಿನ ವಿಜಯ ಕಲಾ ಮಂದಿರದಲ್ಲೋ ಕಲಿತವರು ನಿಮ್ಮ ಪರಿಚಯದಲ್ಲಿದ್ದರೆ ಅವರನ್ನು ಕೇಳಿ. ವಸ್ತುಗಳನ್ನು ಎದುರಿಗಿಟ್ಟುಕೊಂಡು ಬರೆಯುವುದು ಕಲಾಶಾಲೆಯ ಮೊದಲ ಪಾಠ. ಆ ಹಾಳೆಗಳು ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೆ ಸುರುಳಿ ಸುತ್ತಿಕೊಂಡು ಬಿದ್ದಿರುತ್ತವೆ. ಫೋಟೋ ತೆಗೆದು ಕಲರ್ ಝೆರಾಕ್ಸ್ ಮಾಡಿಸಿದರೆ ಸಾಕು.

ಶುರುವಿಗೆ ಐದು ಬಗೆ, ಬಗೆಗೆ ಐದು ಚಿತ್ರ:

- ಒಬ್ಬ ವ್ಯಕ್ತಿಯನ್ನು ತೋರಿಸುವ ಚಿತ್ರ
- ಊರು, ಕೆರೆ, ಗುಡ್ಡ, ಹೊಲದಂಥ ಜಾಗವನ್ನು ತೋರಿಸುವ ಚಿತ್ರ
- ವಸ್ತುಗಳ ಚಿತ್ರ
- ದಿನನಿತ್ಯದ ಬದುಕು, ಅಂದರೆ ಕೆಲಸ, ಸಂತೆ, ಅಡುಗೆ, ಆಟ
- ಕಥೆಯ ಚಿತ್ರ, ಅಂದರೆ ಪುರಾಣ, ಇತಿಹಾಸ

ಇಪ್ಪತ್ತೈದಾಯಿತು. ಉಳಿದ ಐದು ತಕರಾರಿನ ಚಿತ್ರಗಳು. ಅವನ್ನು ಲಕೋಟೆಯಲ್ಲಿ ಹಾಕಿ ಎತ್ತಿಡಿ. ಐದನೇ ಹಂತದವರೆಗೆ ಹೊರಗೆ ತೆಗೆಯಬೇಡಿ.

ಎರಡು ಎಚ್ಚರ. ಚಿತ್ರದ ಕೆಳಗಿನ ಶೀರ್ಷಿಕೆ, ಕಲಾವಿದರ ಹೆಸರು ಕತ್ತರಿಸಿ ಹಾಕಿ. ಓದಲು ಬರುವ ಮಗು ಚಿತ್ರವನ್ನು ನೋಡುವುದೇ ಇಲ್ಲ, ಅಕ್ಷರ ಓದಿ ಉತ್ತರ ಹೇಳುತ್ತದೆ. ಎರಡನೆಯದು, ಮೊದಲ ದಿನ ಫೋಟೋ ಮತ್ತು ಬರೆದ ಚಿತ್ರ ಬೆರೆಸಬೇಡಿ. ಬೆರೆಸಿದರೆ ಮಕ್ಕಳು ಫೋಟೋ ಒಂದು ಕಡೆ, ಪೇಂಟಿಂಗ್ ಒಂದು ಕಡೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ.

ಹಂತ 1: ಬರೀ ನೋಡಿಸಿ

ನಾಲ್ಕೈದು ಮಕ್ಕಳ ಗುಂಪಿಗೆ ಒಂದು ಚಿತ್ರ ಕೊಡಿ. ಎರಡು ನಿಮಿಷ ಯಾರೂ ಮಾತಾಡಬಾರದು. ಆಮೇಲೆ ಒಬ್ಬೊಬ್ಬರೂ ಕಣ್ಣಿಗೆ ಕಂಡ ಒಂದೊಂದು ಸಂಗತಿ ಹೇಳಬೇಕು. ಇನ್ನೊಬ್ಬರು ಹೇಳಿದ್ದನ್ನೇ ಹೇಳುವಂತಿಲ್ಲ. "ಚಂದ ಐತಿ" ಎಂಬ ಮಾತಿಗೂ ಪರವಾನಗಿ ಇಲ್ಲ.

ಮೊದಲ ಸುತ್ತಿನಲ್ಲಿ ಮನುಷ್ಯ, ಗಿಡ, ಮನೆ ಬರುತ್ತವೆ. ಮೂರನೇ ಸುತ್ತಿಗೆ "ಆ ಅಜ್ಜಿ ಕೈಯಾಗ ಬಳಿ ಇಲ್ರೀ", "ನೆಳ್ಳು ಈ ಕಡೆ ಬಿದ್ದೈತಿ" ಅನ್ನತೊಡಗುತ್ತಾರೆ. ಅಲ್ಲಿಗೆ ಈ ಹಂತ ಮುಗಿಯಿತು. ಹೆಚ್ಚು ಎಳೆಯಬೇಡಿ, ಬೇಸರ ಬರುತ್ತದೆ.

ಹಂತ 2: ಅವರಿಗೆ ತಿಳಿದಂತೆ ವಿಂಗಡಿಸಲಿ

ಇಪ್ಪತ್ತೈದೂ ಚಿತ್ರಗಳನ್ನು ನೆಲದ ಮೇಲೆ ಹರಡಿ. ಸೀಮೆಸುಣ್ಣದಿಂದ ನಾಲ್ಕೈದು ದೊಡ್ಡ ಸುತ್ತು ಬರೆಯಿರಿ. "ಒಂದೇ ತರಹದವನ್ನು ಒಂದು ಸುತ್ತಿನಲ್ಲಿ ಹಾಕಿ" ಅನ್ನಿ, ಅಷ್ಟೇ. ಯಾವ ತರಹ ಎಂದು ಕೇಳಿದರೆ "ನೀವೇ ನೋಡಿ" ಅಂದುಬಿಡಿ.

ಸಾಮಾನ್ಯವಾಗಿ ಬಣ್ಣದ ಪ್ರಕಾರ ಹಾಕುತ್ತಾರೆ. ಇಲ್ಲವೇ ಅಡ್ಡ ಇರುವವು, ಉದ್ದ ಇರುವವು. ದೇವರಿರುವವು, ದೇವರಿಲ್ಲದವು ಅನ್ನುವುದಂತೂ ಇದ್ದೇ ಇರುತ್ತದೆ. ಇವು ಯಾವುವೂ ತಪ್ಪಲ್ಲ. ತಪ್ಪು ಅನ್ನಬೇಡಿ. "ಯಾವ ನಿಯಮದ ಮೇಲೆ ಹಾಕಿದಿರಿ?" ಎಂದು ಕೇಳಿ, ಅವರ ಮಾತಿನಲ್ಲೇ ಬೋರ್ಡಿನ ಮೇಲೆ ಬರೆಯಿರಿ.

ಒಂದೇ ಚಿತ್ರಗಳನ್ನು ಹಲವು ನಿಯಮಗಳ ಮೇಲೆ ವಿಂಗಡಿಸಬಹುದು ಎಂಬುದು ಇಲ್ಲೇ ಅವರಿಗೆ ಗೊತ್ತಾಗಬೇಕು. ಗೊತ್ತಾದ ಮೇಲೆ ಹೇಳಿ: "ಇವತ್ತು ನಾವು ಒಂದೇ ನಿಯಮ ಹಿಡಿಯೋಣ. ಈ ಚಿತ್ರ ಯಾವುದರ ಬಗ್ಗೆ?" ಬಣ್ಣ, ಅಳತೆ, ಅಂದಚಂದ ಎಲ್ಲ ಬದಿಗೆ.

*ಎಚ್ಚರದ ಗುರುತು:* ಚಿತ್ರ ಇಡುವ ಮುಂಚೆ ಮಗು ನಿಮ್ಮ ಮುಖ ನೋಡುತ್ತಿದ್ದರೆ ನೀವು ಎಲ್ಲೋ ತಲೆ ಅಲ್ಲಾಡಿಸುತ್ತಿದ್ದೀರಿ. ಗುಂಪಿನ ಹಿಂದೆ ಹೋಗಿ ನಿಂತುಕೊಳ್ಳಿ.

ಹಂತ 3: "ಏನೇನಿದೆ" ಬೇರೆ, "ಯಾವುದರ ಬಗ್ಗೆ" ಬೇರೆ

ಎಲ್ಲರೂ ಎಡವುವುದು ಇಲ್ಲಿ. ಚಿತ್ರದಲ್ಲಿ ಮನುಷ್ಯ ಕಂಡರೆ ವ್ಯಕ್ತಿಚಿತ್ರ, ಮರ ಕಂಡರೆ ಭೂದೃಶ್ಯ, ಕೊಡ ಕಂಡರೆ ವಸ್ತುಚಿತ್ರ ಅನ್ನುತ್ತಾರೆ. ಮಕ್ಕಳಷ್ಟೇ ಅಲ್ಲ, ದೊಡ್ಡವರೂ.

ಇದಕ್ಕೆ ಮಾತಿನ ವಿವರಣೆ ಉಪಯೋಗಕ್ಕೆ ಬರುವುದಿಲ್ಲ. ರಟ್ಟಿನ ತುಂಡು ಬರುತ್ತದೆ. ಚಿತ್ರದಲ್ಲಿರುವ ಒಂದೊಂದು ಸಂಗತಿಯನ್ನು ರಟ್ಟಿನಿಂದ ಮುಚ್ಚಿ, "ಚಿತ್ರ ಇನ್ನೂ ಉಳಿದಿದೆಯಾ?" ಎಂದು ಕೇಳಿ. ಕೈಯಿಂದ ಮುಚ್ಚಬೇಡಿ. ಮಕ್ಕಳು ಕೈಯನ್ನೇ ನೋಡಿ ನಗುತ್ತಾರೆ.

ಎತ್ತಿನ ಜೋಡಿ ಕಟ್ಟಿ ಹೊಲ ಹರಗುವ ರೈತನ ಚಿತ್ರ ತಗೊಳ್ಳಿ. ಹಿಂದೆ ದೊಡ್ಡ ಆಕಾಶ, ದೂರದಲ್ಲಿ ಒಂದು ಬೇವಿನ ಗಿಡ. ಒಬ್ಬ "ಎತ್ತಿನ ಚಿತ್ರ ಐತ್ರೀ" ಅನ್ನುತ್ತಾನೆ. ಇನ್ನೊಬ್ಬಳು "ಅಲ್ರೀ, ಹೊಲದ್ದು". ಮೂರನೆಯವ "ಮನುಷ್ಯಾ ಅದಾನಲ್ಲ, ವ್ಯಕ್ತಿಚಿತ್ರ". ಈಗ ಗಿಡ ಮುಚ್ಚಿ. ಏನೂ ಆಗಲಿಲ್ಲ. ಆಕಾಶ ಮುಚ್ಚಿ. ಆಗಲೂ ಏನೂ ಆಗಲಿಲ್ಲ. ಎತ್ತು ಮುಚ್ಚಿ: "ಅಂವಾ ಒಬ್ಬನ ನಿಂತಾನ, ಏನ್ ಮಾಡಾಕತ್ತಾನ ತಿಳಿವಲ್ದು." ಎತ್ತಿನ ಮೇಲಿನ ರಟ್ಟು ತೆಗೆದು ರೈತನನ್ನು ಮುಚ್ಚಿ: "ಎತ್ತು ತಾವ ಹೊಂಟಾವ!" ಕೊನೆಗೆ ರೈತನ ಮುಖವನ್ನಷ್ಟೇ ಮುಚ್ಚಿ. ಚಿತ್ರ ಹಾಗೇ ಉಳಿಯುತ್ತದೆ. ಅಂದಮೇಲೆ ಇದು ಇಂಥವನ ಚಿತ್ರ ಅಲ್ಲ, ಎತ್ತಿನ ಚಿತ್ರವೂ ಅಲ್ಲ. ಹರಗುವ ಕೆಲಸದ ಚಿತ್ರ. ದಿನನಿತ್ಯದ ಬದುಕಿನ ಸುತ್ತಿಗೆ ಹೋಗಬೇಕು. ಈ ಉತ್ತರವನ್ನು ನೀವು ಹೇಳಬಾರದು. ಮುಚ್ಚಿ ತೆಗೆದು ಮಾಡುತ್ತಿದ್ದರೆ ಗುಂಪಿನಲ್ಲಿ ಯಾರಾದರೊಬ್ಬರು ತಾವಾಗೇ ಹೇಳುತ್ತಾರೆ.

ಮುಖ ಮುಚ್ಚಿದರೆ ಚಿತ್ರವೇ ಹೋಯಿತು ಅನ್ನಿಸಿದರೆ ಅದು ವ್ಯಕ್ತಿಚಿತ್ರ. ಮನುಷ್ಯರನ್ನೆಲ್ಲ ಮುಚ್ಚಿದರೂ ಚಿತ್ರ ಉಳಿದರೆ ಭೂದೃಶ್ಯ ಇರಬಹುದು. ಜಪಾನಿನ ಹೊಕುಸಾಯ್ ಬರೆದ ದೊಡ್ಡ ಅಲೆಯ ಚಿತ್ರ ಇದಕ್ಕೆ ಚೆನ್ನಾಗಿ ಒದಗುತ್ತದೆ. ಅದರಲ್ಲಿ ದೋಣಿಗಳಿವೆ, ದೋಣಿಯಲ್ಲಿ ಜನ ಇದ್ದಾರೆ. ದೋಣಿ ಮುಚ್ಚಿದರೂ ಅಲೆ ಅಲೆಯೇ. ಹಿಂದೆ ಸಣ್ಣಗೆ ಕಾಣುವುದು ಫ್ಯೂಜಿ ಪರ್ವತ ಎಂದು ಆಮೇಲೆ ಹೇಳಿ. ಮಕ್ಕಳು ಅದನ್ನೂ ಅಲೆ ಅಂದುಕೊಂಡಿರುತ್ತಾರೆ.

ವಸ್ತುಚಿತ್ರಕ್ಕೆ ವ್ಯಾನ್ ಗಾಗ್ 1888ರಲ್ಲಿ ಬರೆದ ಸೂರ್ಯಕಾಂತಿ ಹೂದಾನಿ ತೋರಿಸಿ. ಗದಗ, ನವಲಗುಂದ ಕಡೆಯ ಮಕ್ಕಳು ಸೂರ್ಯಕಾಂತಿ ಹೊಲ ನೋಡಿ ಬೆಳೆದವರು, ಥಟ್ಟನೆ ಭೂದೃಶ್ಯ ಅನ್ನುತ್ತಾರೆ. ಕೇಳಿ: "ಹೂವು ಹೊಲದಾಗದಾವೋ, ಯಾರೋ ತಂದು ಇಟ್ಟಾರೋ?" ಯಾರೋ ತಂದು ಜೋಡಿಸಿ ಇಟ್ಟದ್ದಾದರೆ ವಸ್ತುಚಿತ್ರ.

*ಎಚ್ಚರದ ಗುರುತು:* ಒಂದೇ ಸುತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಚಿತ್ರ ಬಿದ್ದರೆ ಮಕ್ಕಳು ಇನ್ನೂ "ಏನೇನಿದೆ" ಎಂಬುದನ್ನೇ ನೋಡುತ್ತಿದ್ದಾರೆ. ಸಾಮಾನ್ಯವಾಗಿ ಅದು ಮನುಷ್ಯರಿರುವ ಸುತ್ತು. ಮುಂದೆ ಹೋಗಬೇಡಿ. ಅದೇ ಸುತ್ತಿನ ಚಿತ್ರಗಳನ್ನು ಮತ್ತೆ ಒಂದೊಂದಾಗಿ ರಟ್ಟಿನಿಂದ ಮುಚ್ಚಿಸಿ.

ಹಂತ 4: ಈಗ ಹೆಸರು ಕೊಡಿ

ಸುತ್ತುಗಳು ಸರಿಯಾದ ಮೇಲೆ ಹೆಸರಿನ ಚೀಟಿ ಇಡಿ. ಐದು ನಿಮಿಷದ ಕೆಲಸ. ಭೂದೃಶ್ಯಕ್ಕೆ ಮಕ್ಕಳು ಸೀನರಿ ಅನ್ನುತ್ತಾರೆ, ಅನ್ನಲಿ ಬಿಡಿ. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಕೂತವರಿದ್ದರೆ ಅವರ ಪುಸ್ತಕದಲ್ಲಿರುವ ಹೆಸರನ್ನೇ ಬಳಸಿ.

ಎಂಟು ವರ್ಷದೊಳಗಿನವರಿಗೆ ಐದು ಗುಂಪು ಜಾಸ್ತಿಯಾಯಿತು. ಜನ, ಜಾಗ, ವಸ್ತು ಎಂದು ಮೂರೇ ಸಾಕು.

ಹಂತ 5: ತಕರಾರಿನ ಲಕೋಟೆ

ಇನ್ನು ಆ ಐದು ಚಿತ್ರ ತೆಗೆಯಿರಿ. ಎರಡು ಸುತ್ತುಗಳ ನಡುವೆ ನೇತಾಡುವ ಚಿತ್ರಗಳಾಗಿರಬೇಕು. ನಾನು ಆರಿಸುವವು ಇವು.

ಮೊದಲನೆಯದು ಮೋನಾಲಿಸಾ. ಹಿಂದೆ ದಾರಿ, ಸೇತುವೆ, ನೀರು, ಬೆಟ್ಟ ಎಲ್ಲ ಇದೆ. ಆದರೂ ಮುಖ ಮುಚ್ಚಿದರೆ ಆಟ ಮುಗಿಯಿತು. ಇದು ಸುಲಭದ್ದು, ಧೈರ್ಯ ಬರಲಿ ಎಂದು ಮೊದಲಿಗಿಡುವುದು.

ಎರಡನೆಯದು ರಾಜಾ ರವಿವರ್ಮನ ಶಕುಂತಲೆ. ಹುಡುಗಿಯೊಬ್ಬಳು ಗೆಳತಿಯ ಹೆಗಲ ಮೇಲೆ ಕೈಯಿಟ್ಟು, ಕಾಲಿನ ಮುಳ್ಳು ತೆಗೆಯುತ್ತಾ ಹಿಂದೆ ತಿರುಗಿ ನೋಡುತ್ತಿದ್ದಾಳೆ. ಕಥೆ ಗೊತ್ತಿಲ್ಲದ ಮಗು ಇದನ್ನು ದಿನನಿತ್ಯದ ಬದುಕು ಎಂದೇ ಹಾಕುತ್ತದೆ. ಅದರ ಮಟ್ಟಿಗೆ ಅದು ಸರಿ. ಈಗ ಕಥೆ ಹೇಳಿ: ಮುಳ್ಳು ಬರೀ ನೆಪ, ಅವಳು ನೋಡುತ್ತಿರುವುದು ದುಷ್ಯಂತನ ಕಡೆಗೆ. ಚಿತ್ರ ಅಲ್ಲಿಂದ ಎದ್ದು ಕಥೆಯ ಸುತ್ತಿಗೆ ಹೋಗುತ್ತದೆ. ಅವನದೇ ಹಂಸ-ದಮಯಂತಿಯೂ ಹೀಗೇ. ಪ್ರಾಣಿಯ ಚಿತ್ರ ಎಂದು ವಾದಿಸುವವರು ಒಬ್ಬಿಬ್ಬರಾದರೂ ಇರುತ್ತಾರೆ. ಕಥೆಯ ಚಿತ್ರಗಳಿಗೆ ಕಣ್ಣೊಂದೇ ಸಾಲದು, ಹೊರಗಿನ ಮಾಹಿತಿಯೂ ಬೇಕು. ಇದನ್ನು ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಮಕ್ಕಳು ತಮಗೇ ತಿಳಿಯಲಿಲ್ಲ ಎಂದು ಸಣ್ಣಗಾಗುತ್ತಾರೆ.

ಮೂರನೆಯದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಣ್ಣುಮಗಳ ಚಿತ್ರ. ಬಹಳ ಜನ ಇದನ್ನೂ ರವಿವರ್ಮನದು ಅನ್ನುತ್ತಾರೆ. ಬರೆದದ್ದು ಎಸ್.ಎಲ್. ಹಲ್ದಣಕರ್. ಇದಕ್ಕೆ ಅವರ ಮಗಳೇ ಮಾದರಿಯಾಗಿ ನಿಂತಿದ್ದರು. ವ್ಯಕ್ತಿಚಿತ್ರವೋ, ದಿನನಿತ್ಯದ ಬದುಕೋ? ಮುಖ ಮುಚ್ಚಿದರೆ ಚಿತ್ರ ಹೋಗುತ್ತದೆ. ದೀಪ ಮುಚ್ಚಿದರೂ ಹೋಗುತ್ತದೆ, ಯಾಕೆಂದರೆ ಮುಖದ ಮೇಲಿನ ಬೆಳಕೆಲ್ಲ ಆ ದೀಪದ್ದು. ನನ್ನ ಮಟ್ಟಿಗೆ ಇದು ವ್ಯಕ್ತಿಚಿತ್ರಕ್ಕಿಂತ ಸಂಜೆ ದೀಪ ಹಚ್ಚಿ ತರುವ ಹೊತ್ತಿನ ಚಿತ್ರ. ಒಪ್ಪದವರು ಬೇಕಾದಷ್ಟು ಜನ ಇದ್ದಾರೆ. ತರಗತಿ ಎರಡು ಪಾಲಾದರೆ ಆಗಲಿ.

ನಾಲ್ಕನೆಯದು ಕಲಾವಿದ ಬ್ರೂಗಲ್ ಹೆಸರಿನಲ್ಲಿ ಪ್ರಸಿದ್ಧವಾದ ಇಕಾರಸ್ ಚಿತ್ರ. ಮುಂದೆ ನೇಗಿಲು ಹೊಡೆಯುವ ರೈತ, ಕುರಿ ಕಾಯುವವ, ದೊಡ್ಡ ಸಮುದ್ರ, ಹಡಗು. ಕೆಳಗೆ ಬಲಗಡೆ ನೀರಿನಲ್ಲಿ ಮುಳುಗುತ್ತಿರುವ ಎರಡು ಕಾಲು. ಕಾಲುಗಳು ಮೊದಲ ನೋಟಕ್ಕೆ ಯಾರಿಗೂ ಕಾಣುವುದಿಲ್ಲ. ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಹತ್ತಿರ ಹಾರಿ ಬಿದ್ದ ಹುಡುಗನ ಗ್ರೀಕ್ ಕಥೆ ಹೇಳಿ, ಆಮೇಲೆ ಹುಡುಕಲು ಬಿಡಿ. ಆ ಕಾಲು ಮುಚ್ಚಿದರೆ ಚಿತ್ರ ಉಳಿಯುತ್ತದೆ, ಕಥೆ ಹೋಗುತ್ತದೆ. ಮೂರನೇ ಹಂತದ ರಟ್ಟಿನ ಪರೀಕ್ಷೆ ಇಲ್ಲಿ ಕೈಕೊಡುತ್ತದೆ. ಕೈಕೊಡಲಿ ಎಂದೇ ಇದನ್ನು ಇಡುವುದು.

ಐದನೆಯದು ಪಿಕಾಸೊ 1937ರಲ್ಲಿ ಬರೆದ ಗೆರ್ನಿಕಾ. ಹನ್ನೆರಡು ದಾಟಿದ ಮಕ್ಕಳಿಗೆ ಮಾತ್ರ. ಗೂಳಿ, ಕುದುರೆ, ಸತ್ತ ಕೂಸನ್ನು ಎತ್ತಿಕೊಂಡ ತಾಯಿ. ಅದೇ ವರ್ಷ ಸ್ಪೇನಿನ ಆ ಊರಿನ ಮೇಲೆ ಬಾಂಬ್ ಹಾಕಿದ್ದರು ಎಂದು ಹೇಳಿದ ಮೇಲೆ ಅದು ಇತಿಹಾಸದ ಚಿತ್ರ.

ಇಲ್ಲಿ ಒಂದು ಸಡಿಲಿಕೆ ಕೊಡಿ. ಮಗು ಒಂದು ಚಿತ್ರಕ್ಕೆ ಎರಡು ಹೆಸರು ಹೇಳಬಹುದು. ಯಾವುದು ಮುಖ್ಯ, ಯಾವುದು ಪಕ್ಕದ್ದು ಎಂದು ಹೇಳಲೇಬೇಕು. "ಯಾಕಂದರ" ಎಂದು ಶುರುವಾಗದ ಉತ್ತರ ಲೆಕ್ಕಕ್ಕಿಲ್ಲ.

ಹಂತ 6: ವಿಷಯ, ಸಾಮಗ್ರಿ, ರೀತಿ ಬೇರೆ ಮಾಡಿ

"ಇದು ಯಾವ ಬಗೆಯ ಚಿತ್ರ?" ಎಂದರೆ "ವಾಟರ್ ಕಲರ್" ಎಂಬ ಉತ್ತರ ಬರುತ್ತದೆ. ಇದನ್ನು ಬೈದು ತಿದ್ದಲು ಆಗುವುದಿಲ್ಲ. ಪ್ರತಿ ಚಿತ್ರದ ಹಿಂದೆ ಮೂರು ಸಾಲು ಬರೆಸಿ: ಯಾವುದರ ಬಗ್ಗೆ, ಯಾವುದರಿಂದ ಮಾಡಿದ್ದು, ಹೇಗೆ ಮಾಡಿದ್ದು.

ನಮ್ಮ ಕಡೆ ಇದನ್ನು ಕಲಿಸಲು ಕಸೂತಿಗಿಂತ ಒಳ್ಳೆಯದು ಇಲ್ಲ. ಯಾರ ಮನೆಯಲ್ಲಾದರೂ ಒಂದು ಕಸೂತಿ ಸೀರೆ ಇಲ್ಲವೇ ಕುಪ್ಪಸ ಸಿಗುತ್ತದೆ. ಯಾವುದರ ಬಗ್ಗೆ? ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು. ಯಾವುದರಿಂದ? ನೂಲು, ಬಟ್ಟೆ. ಹೇಗೆ? ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ಹೊಲಿಗೆಗಳಿಂದ. ಒಂದೇ ಆನೆಯನ್ನು ಬೇರೆ ಹೊಲಿಗೆಯಲ್ಲಿ ಹಾಕಿದರೂ ಆನೆ ಆನೆಯೇ. ಹೊಲಿಗೆ ಬದಲಾದರೆ ವಿಷಯ ಬದಲಾಗುವುದಿಲ್ಲ ಎಂದು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ ಮಗು ಮತ್ತೆ ವಾಟರ್ ಕಲರನ್ನು ವಿಷಯ ಅನ್ನುವುದಿಲ್ಲ.

ಅಮೂರ್ತ ಚಿತ್ರಗಳನ್ನು ಈ ಹಂತದಲ್ಲಿ ತನ್ನಿ, ಮುಂಚೆ ಬೇಡ. ಮುಂಚೆ ತಂದರೆ ಆ ಸುತ್ತು "ತಿಳಿಯಲಾರದ್ದು" ಎಂಬ ಕಸದ ಬುಟ್ಟಿಯಾಗುತ್ತದೆ. ಪಿಕಾಸೊ ತುಂಡು ತುಂಡಾಗಿ ಬರೆದ ಗಿಟಾರು ಅಮೂರ್ತ ಅಲ್ಲ. ಗಿಟಾರು ಗುರುತು ಸಿಗುತ್ತದೆ, ಅದು ವಸ್ತುಚಿತ್ರ. ಯಾವ ವಸ್ತುವನ್ನೂ ತೋರಿಸದೆ ಬರೀ ಬಣ್ಣ, ಗೆರೆ, ಆಕಾರ ಇದ್ದರೆ ಮಾತ್ರ ಅಮೂರ್ತ.

ಹಂತ 7: ಹೊರಗೆ ಕರೆದೊಯ್ಯಿರಿ

ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿ ಪಕ್ಕದಲ್ಲೇ ಉತ್ಸವ್ ರಾಕ್ ಗಾರ್ಡನ್ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಮತ್ತು ಅವರ ಬಳಗ ಮಾಡಿದ ಹಳ್ಳಿ ಬದುಕಿನ ಶಿಲ್ಪಗಳು ಸಾಲಾಗಿ ನಿಂತಿವೆ. ಎಲ್ಲವನ್ನೂ ದಿನನಿತ್ಯದ ಬದುಕು ಎಂದು ಹೇಳಿ ಮಕ್ಕಳು ಆಟಕ್ಕೆ ಓಡುತ್ತಾರೆ. ಹಾಗಾಗಿ ಮುಂಚೆಯೇ ಒಳಗುಂಪು ಕೊಟ್ಟು ಕಳಿಸಿ: ಮನೆಗೆಲಸ, ಕಸುಬು, ವ್ಯಾಪಾರ, ಆಟ, ಹಬ್ಬ.

ಲಕ್ಕುಂಡಿಗೆ ಹೋದರೆ ತೊಂದರೆ ಬೇರೆ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದ ಬಳ್ಳಿ ಕೆತ್ತನೆಯನ್ನು ಮಕ್ಕಳು ಗಿಡಮರದ ಗುಂಪಿಗೆ ಹಾಕುತ್ತಾರೆ. ಅದು ಬಳ್ಳಿಯ "ಬಗ್ಗೆ" ಇರುವ ಕೆತ್ತನೆ ಅಲ್ಲ, ಅಂಚು ತುಂಬುವ ಅಲಂಕಾರ. ಗದಗಿನ ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳಿಗೂ ಇದೇ ಮಾತು. ಅಲಂಕಾರ ಎಂಬ ಹೊಸ ಸುತ್ತು ಮಾಡಿಕೊಂಡೇ ಹೋಗಿ. ಕಲ್ಲಿನ ಮೇಲೆ ಸೀಮೆಸುಣ್ಣ ತಾಗಿಸಬಾರದು, ಕಾಗದ ಅಂಟಿಸಬಾರದು. ಸುತ್ತು ನೋಟ್‌ಬುಕ್ಕಿನಲ್ಲಿರಲಿ.

ದೂರ ಹೋಗಲು ಆಗದಿದ್ದರೆ ಊರಿನ ವೀರಗಲ್ಲು ಸಾಕು. ಹಾವೇರಿ, ಗದಗ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಗುಡಿ ಪಕ್ಕಕ್ಕೋ ಕೆರೆ ಏರಿ ಮೇಲೋ ಒಂದಾದರೂ ಇರುತ್ತದೆ. ಸಾಮಾನ್ಯವಾಗಿ ಮೂರು ಪಟ್ಟಿ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಮಕ್ಕಳು ಮೇಲಿನಿಂದ ಶುರು ಮಾಡಿ ಮೂರು ಬೇರೆ ಬೇರೆ ಗುಂಪಿಗೆ ಹಾಕುತ್ತಾರೆ. ಕೆಳಗಿನಿಂದ ಓದಲು ಹೇಳಿ. ಕಾಳಗದಲ್ಲಿದ್ದವನೇ ನಡುವೆಯೂ ಇದ್ದಾನೆ, ಮೇಲೂ ಇದ್ದಾನೆ ಎಂದು ಗೊತ್ತಾದ ಕೂಡಲೇ ಮೂರೂ ಸೇರಿ ಒಂದು ಕಥೆಯಾಗುತ್ತದೆ. ಕೆಳಗಿನ ಪಟ್ಟಿಯಲ್ಲಿ ದನಗಳಿದ್ದರೆ ಯಾಕಿವೆ ಎಂದು ಕೇಳಿ. ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನ ಕಲ್ಲು ಅದು.

ಕಲಿತಿದ್ದಾರಾ ಎಂದು ತಿಳಿಯುವುದು ಹೇಗೆ?

ಪ್ರಶ್ನೆಪತ್ರಿಕೆ ಬೇಡ. ಒಂದೇ ವಸ್ತು ಕೊಟ್ಟು ನಾಲ್ಕು ಬಗೆಯ ಚಿತ್ರ ಬರೆಸಿ. ಬ್ಯಾಡಗಿ ಮೆಣಸಿನಕಾಯಿ ಇದಕ್ಕೆ ಹೇಳಿ ಮಾಡಿಸಿದ್ದು. ತಟ್ಟೆಯಲ್ಲಿ ನಾಲ್ಕು ಮೆಣಸಿನಕಾಯಿ ಇಟ್ಟು ಬರೆದರೆ ವಸ್ತುಚಿತ್ರ. ಒಣಹಾಕಿದ ಕೆಂಪು ಕಣ, ಮೇಲೆ ಆಕಾಶ, ಭೂದೃಶ್ಯ. ಕೂತು ತೊಟ್ಟು ಬಿಡಿಸುವ ಹೆಂಗಸರು, ದಿನನಿತ್ಯದ ಬದುಕು. ವ್ಯಕ್ತಿಚಿತ್ರ ಹೇಗೆ ಮಾಡುತ್ತಾರೆ ಎಂಬುದನ್ನು ಕಾದು ನೋಡಿ. ಮೆಣಸಿನಕಾಯಿ ಚೀಲ ಹೊತ್ತ ಹಮಾಲರ ಇಡೀ ಮೈ ಬರೆದು, ಮುಖಕ್ಕೆ ಎರಡು ಚುಕ್ಕೆ ಇಟ್ಟರೆ ಅದು ಇನ್ನೂ ಕೆಲಸದ ಚಿತ್ರವೇ. ಬೈಯಬೇಡಿ, ರಟ್ಟು ಕೊಟ್ಟು ಚೀಲ ಮುಚ್ಚಲು ಹೇಳಿ. ಏನು ಉಳಿಯಿತು ಎಂದು ಅವರೇ ನೋಡಿ, ಇನ್ನೊಂದು ಹಾಳೆ ಕೇಳುತ್ತಾರೆ.